ಅತ್ತರಿನಿಂದ ಅರೋಮಾವರೆಗೆ: ಸುವಾಸನೆಯ ಪದಗಳ ಇತಿಹಾಸ



ಹುಣ್ಣಿಮೆಯ ದಿನ ನಮ್ಮ ಹುಲಿಗಿಗೆ ಬಂದವರಿಗೆ ದಾರಿ ಕೇಳುವ ಅಗತ್ಯವಿರುವುದಿಲ್ಲ. ಜನರ ಹಿಂದೆ ಹೋದರೆ ಸಾಕು, ಹುಲಿಗೆಮ್ಮನ ಗುಡಿ ತಲುಪುತ್ತಾರೆ. ಜನರಿಗಿಂತ ಮುಂಚೆ ಅಲ್ಲಿ ನಮ್ಮನ್ನು ಎದುರುಗೊಳ್ಳುವುದು ವಾಸನೆ. ಮಲ್ಲಿಗೆ ಮಾಲೆ, ಕರ್ಪೂರ, ಊದುಬತ್ತಿ, ಮಿರ್ಚಿ ಭಜಿಯ ಎಣ್ಣೆ, ಹೊಳೆ ಕಡೆಯಿಂದ ಬರುವ ಹಸಿ ಗಾಳಿ ಎಲ್ಲವೂ ಒಂದರೊಳಗೊಂದು ಬೆರೆತಿರುತ್ತವೆ. ಅದೇ ಸಾಲಿನಲ್ಲಿ ಅತ್ತರು, ಲೋಬಾನ ಮಾರುವ ನಮ್ಮವರ ಅಂಗಡಿಗಳೂ ಇರುತ್ತವೆ. ಇಷ್ಟೊಂದು ಬಗೆಯ ವಾಸನೆಗಳ ನಡುವೆ ಬೆಳೆದ ಮಗುವಿಗೆ ಅವುಗಳನ್ನು ಇಂಗ್ಲಿಷಿನಲ್ಲಿ ಹೇಳು ಎಂದರೆ ಏನಾಗುತ್ತದೆ? ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಪಾಠ ಮಾಡುವುದು ಉರ್ದು ಮತ್ತು ಕನ್ನಡ. ಆ ದಿನ ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದುದರಿಂದ ಒಂಬತ್ತನೆಯ ತರಗತಿಯ ಅವರ ಪಾಠ ನನ್ನ ಪಾಲಿಗೆ ಬಂತು. ನಿಮಗೆ ಇಷ್ಟವಾದ ಒಂದು ವಸ್ತುವಿನ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯಿರಿ ಎಂದು ಮಕ್ಕಳಿಗೆ ಹೇಳಿದೆ. ಗುಡಿಯ ಸಾಲಿನಲ್ಲಿ ಅತ್ತರು ಮಾರುವವರ ಮಗನೊಬ್ಬ ಎದ್ದು ನಿಂತು ತನ್ನ ವಾಕ್ಯ ಓದಿದ: "ರೋಸ್ ಈಸ್ ಸ್ಟಿಂಕಿಂಗ್ ವೆರಿ ಗುಡ್." ಇಡೀ ತರಗತಿ ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ "ಕತ್ತೆಗೇನು ಗೊತ್ತು ಕಸ್ತೂರಿ ವಾಸನಿ" ಎಂದರು. ಹೇಳಲು ನಾಚಿಕೆಯಾಗುತ್ತದೆ, ಆ ಮಾತಿಗೆ ನಾನೂ ನಕ್ಕೆ. ಹುಡುಗ ನಗಲಿಲ್ಲ. "ಡಿಕ್ಷನರಿಯೊಳಗ ವಾಸನೆ ಅನ್ನೋದರ ಮುಂದ ಅದೂ ಇತ್ತಲ್ರಿ ಸರ್" ಎಂದು ಕುಳಿತುಬಿಟ್ಟ. ಆಮೇಲೆ ಬಹಳ ದಿನ ಅವನು ಇಂಗ್ಲಿಷ್ ಪಾಠದಲ್ಲಿ ಕೈ ಎತ್ತಲೇ ಇಲ್ಲ ಎಂದು ಅವನ ಇಂಗ್ಲಿಷ್ ಶಿಕ್ಷಕರೇ ನನಗೆ ಹೇಳಿದರು.

ಅವನ ಪಾಕೆಟ್ ನಿಘಂಟಿನಲ್ಲಿ 'ವಾಸನೆ' ಪದದ ಮುಂದೆ ಸ್ಮೆಲ್, ಓಡರ್, ಸೆಂಟ್, ಸ್ಟಿಂಕ್ ಎಂದು ಸಾಲಾಗಿ ಅಚ್ಚಾಗಿತ್ತು. ಯಾವುದನ್ನು ಎಲ್ಲಿ ಬಳಸಬೇಕೆಂದು ಹೇಳಿರಲಿಲ್ಲ. ತಪ್ಪು ಹುಡುಗನದೋ ನಿಘಂಟಿನದೋ ಎಂದು ತಿಳಿಯಲು ಹೊರಟ ನನಗೆ ಒಂದು ದೀರ್ಘ ಇತಿಹಾಸವೇ ಎದುರಾಯಿತು. ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಸಾವಿರ ವರ್ಷ ತಡವಾಗಿ ಬಂದ ವಾಕ್ಯ

ಮೊದಲು ತಿಳಿದುಬಂದ ಸಂಗತಿಯೇ ನನ್ನನ್ನು ಬೆಚ್ಚಿಬೀಳಿಸಿತು. ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ 'ಸ್ಟೆಂಚ್' ಪದದ ಮೂಲರೂಪಕ್ಕೆ ಬರೀ 'ವಾಸನೆ' ಎಂಬ ಅರ್ಥವಿತ್ತು. ಒಳ್ಳೆಯ ವಾಸನೆಗೂ ಕೆಟ್ಟ ವಾಸನೆಗೂ ಅದೇ ಪದ. ಹೂವಿನ ವಾಸನೆಗೆ ಅದನ್ನು ಬಳಸಿದರೆ ಆಗ ಯಾರೂ ನಗುತ್ತಿರಲಿಲ್ಲ. 'ಸ್ಟಿಂಕ್' ಕೂಡ ಅದೇ ಕುಟುಂಬದ ಕ್ರಿಯಾಪದ. ಕಾಲಕ್ರಮದಲ್ಲಿ ಈ ಎರಡೂ ಪದಗಳು ದುರ್ವಾಸನೆಯ ಕಡೆಗೆ ಜಾರಿದವು. ನಮ್ಮ ಹುಡುಗನ ವಾಕ್ಯ ತಪ್ಪೇ, ಆದರೆ ಅದು ಹುಚ್ಚುತನದ ತಪ್ಪಲ್ಲ. ಸಾವಿರ ವರ್ಷ ತಡವಾಗಿ ಬಂದ ವಾಕ್ಯ ಅದು.

ಹೀಗೆ ಜಾರುವುದು ಇಂಗ್ಲಿಷಿನ ಪದಗಳು ಮಾತ್ರವಲ್ಲ. ಪಾರ್ಸಿಯಲ್ಲಿ 'ಬೂ' ಎಂದರೆ ವಾಸನೆ. ಅದಕ್ಕೆ 'ಖುಷ್' ಸೇರಿದರೆ ಖುಷ್ಬೂ, 'ಬದ್' ಸೇರಿದರೆ ಬದ್ಬೂ. ಆದರೆ ಉರ್ದು ಮಾತನಾಡುವ ನಮ್ಮ ಮನೆಗಳಲ್ಲಿ ಬರೀ 'ಬೂ ಆ ರಹೀ ಹೈ' ಎಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ತಮಿಳಿನ 'ನಾಟ್ರಂ' ಪದಕ್ಕೆ ಹಿಂದೆ ಸುಗಂಧವೆಂಬ ಅರ್ಥವಿತ್ತು, ಈಗ ದುರ್ಗಂಧವೆಂದು ಅರ್ಥ. ನಮ್ಮ 'ನಾರು', 'ನಾತ' ಪದಗಳು ಅದರ ಒಡಹುಟ್ಟುಗಳು. ಸಂಸ್ಕೃತದಿಂದ ಬಂದ 'ವಾಸನೆ'ಯೂ ಈಗ ಅದೇ ದಾರಿ ಹಿಡಿದಿದೆ. "ನಿನ್ನ ಅಂಗಿ ವಾಸನಿ ಬರಾಕತ್ತೈತಿ" ಎಂದರೆ ಯಾರೂ ಅದನ್ನು ಹೊಗಳಿಕೆ ಎಂದು ತಿಳಿಯುವುದಿಲ್ಲ. ಅದಕ್ಕೇ ಒಳ್ಳೆಯದನ್ನು ಹೇಳುವಾಗ 'ಸು' ಸೇರಿಸಿ ಸುವಾಸನೆ ಎನ್ನುತ್ತೇವೆ.

ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಮೂಗು ಮನುಷ್ಯನ ಕಾವಲುಗಾರ. ಹಳಸಿದ ಅನ್ನ, ಸುಟ್ಟ ವೈರು, ಸತ್ತ ಇಲಿ ಇವನ್ನೆಲ್ಲ ಕಣ್ಣಿಗಿಂತ ಮುಂಚೆ ಮೂಗು ಹೇಳುತ್ತದೆ. ವಾಸನೆ ಎಂದು ನಾವು ಎಚ್ಚರಿಸುವುದು ಹೆಚ್ಚಾಗಿ ಕೆಟ್ಟದ್ದು ಎದುರಾದಾಗ. ಹಾಗೆ ಬಳಸಿ ಬಳಸಿ ಪದವೂ ಕೆಡುತ್ತದೆ. ಈ ಒಂದು ಸೂತ್ರ ತಿಳಿದರೆ ಇಂಗ್ಲಿಷಿನ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಬರೀ 'ಯೂ ಸ್ಮೆಲ್' ಎಂದರೆ ಬೈಗುಳ, 'ಯೂ ಸ್ಮೆಲ್ ನೈಸ್' ಎಂದರೆ ಹೊಗಳಿಕೆ. ಉರ್ದುವಿನ 'ಖುಷ್', ಕನ್ನಡದ 'ಸು' ಮಾಡುವ ಕೆಲಸವನ್ನು ಅಲ್ಲಿ 'ನೈಸ್' ಅಥವಾ 'ಸ್ವೀಟ್' ಮಾಡುತ್ತದೆ.

ಒಂದೊಂದು ಪದಕ್ಕೂ ಒಂದೊಂದು ಊರು

ಇಂಗ್ಲಿಷಿನಲ್ಲಿ ಸುವಾಸನೆಗೆ ಇರುವ ಪದಗಳು ಒಂದೇ ಮನೆಯಲ್ಲಿ ಹುಟ್ಟಿದವಲ್ಲ. ಪ್ರತಿಯೊಂದೂ ಬೇರೆ ಬೇರೆ ಕಡೆಯಿಂದ ಬೇರೆ ಬೇರೆ ಕೆಲಸಕ್ಕಾಗಿ ಬಂದಿವೆ. ಅವು ಬಂದ ಬಗೆ ಗೊತ್ತಾದರೆ ಎಲ್ಲಿ ಬಳಸಬೇಕೆಂಬುದೂ ತಾನಾಗಿ ತಿಳಿಯುತ್ತದೆ.

'ಓಡರ್' ಲ್ಯಾಟಿನ್ ಮೂಲದ್ದು. ಹಿಂದೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಲ್ಲುತ್ತಿತ್ತು. ಇಂದು ವಿಜ್ಞಾನದ ಪುಸ್ತಕದಲ್ಲಿ ತಟಸ್ಥ ಪದ, ದಿನದ ಮಾತಿನಲ್ಲಿ ಕೆಟ್ಟದ್ದರ ಕಡೆಗೆ ವಾಲಿದ ಪದ. ಅದನ್ನು ತೊಲಗಿಸುವ ಪದಾರ್ಥಕ್ಕೇ 'ಡಿಯೋಡರೆಂಟ್' ಎಂಬ ಹೆಸರು ಬಂತಲ್ಲವೇ! ಆದ್ದರಿಂದ ಅಮ್ಮನ ಬಿರಿಯಾನಿಗೆ 'ಗುಡ್ ಓಡರ್' ಎಂದು ಬರೆಯಬೇಡಿ.

'ಸೆಂಟ್' ಪದ ಫ್ರೆಂಚಿನ ಮೂಲಕ ಬಂದದ್ದು. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ 'ಗ್ರಹಿಸು'. ಇಂಗ್ಲಿಷಿನಲ್ಲಿ ಅದು ಮೊದಲು ಬೇಟೆಯ ಪದವಾಗಿತ್ತು. ನಾಯಿ ಮೂಗಿನಿಂದ ಹಿಡಿಯುವ ಜಾಡೇ ಸೆಂಟ್. ಇಂದಿಗೂ ಆ ಪದದಲ್ಲಿ ಹಗುರಾಗಿ ಬಂದು ಹೋಗುವ, ಹಿಂಬಾಲಿಸಿ ಹಿಡಿಯಬೇಕಾದ ವಾಸನೆಯ ಅರ್ಥ ಉಳಿದಿದೆ. ಗಾಳಿಯಲ್ಲಿ ತೇಲಿ ಬರುವ ಮಲ್ಲಿಗೆಯ ಕಂಪಿಗೆ ಈ ಪದ ಚೆನ್ನಾಗಿ ಒಪ್ಪುತ್ತದೆ. ನಮ್ಮ ಕಡೆ ಬಾಟಲಿಯಲ್ಲಿ ಸಿಗುವ ದ್ರವ್ಯಕ್ಕೇ 'ಸೆಂಟು' ಎನ್ನುವುದರಿಂದ ಈ ವ್ಯತ್ಯಾಸ ಮರೆತುಹೋಗುತ್ತದೆ.

'ಅರೋಮಾ' ಗ್ರೀಕ್ ಪದ. ಅಲ್ಲಿ ಅದರ ಅರ್ಥ ಮಸಾಲೆ ಪದಾರ್ಥ. ಮಸಾಲೆಯಿಂದ ಮಸಾಲೆಯ ಘಮಕ್ಕೆ ಅರ್ಥ ಬೆಳೆಯಿತು. ಆದ್ದರಿಂದ ಅಡುಗೆ, ಚಹಾ, ಕಾಫಿ, ಹುರಿದ ಜೀರಿಗೆ ಇವುಗಳಿಗೆ ಅರೋಮಾ ಒಪ್ಪುತ್ತದೆ. ನಮ್ಮ 'ಘಮಘಮ' ಎಂಬುದಕ್ಕೆ ಇದು ಹತ್ತಿರದ ಪದ.

'ಫ್ರೇಗ್ರನ್ಸ್' ಲ್ಯಾಟಿನ್ನಿನದು. ಇದು ಕೆಟ್ಟ ಅರ್ಥಕ್ಕೆ ಜಾರದೆ ಉಳಿದ ಪದ. ಹೂವು, ಸಾಬೂನು, ಊದುಬತ್ತಿಗಳಿಗೆ ಧೈರ್ಯವಾಗಿ ಬಳಸಬಹುದು. ನಮ್ಮ 'ಪರಿಮಳ', 'ಸೌರಭ'ಗಳ ಜಾಗದಲ್ಲಿ ಕೂರುವ ಪದವಿದು.

'ಪರ್ಫ್ಯೂಮ್' ಪದದ ಮೂಲದಲ್ಲಿರುವ ಲ್ಯಾಟಿನ್ ಮಾತಿನ ಅರ್ಥ 'ಹೊಗೆಯ ಮೂಲಕ'. ಅಂದರೆ ಬಾಟಲಿ ಬರುವ ಮುಂಚೆ ಪರ್ಫ್ಯೂಮ್ ಎಂದರೆ ಧೂಪವೇ! ಗುರುವಾರ ಸಂಜೆ ನಮ್ಮ ಅಜ್ಜಿಯಂದಿರು ಕೆಂಡದ ಮೇಲೆ ಲೋಬಾನ ಹಾಕಿ ಮೂಲೆಮೂಲೆಗೆ ಹೊಗೆ ಹಿಡಿಯುತ್ತಿದ್ದುದು ಆ ಪದದ ಮೂಲಾರ್ಥದ ಪರ್ಫ್ಯೂಮೇ.

ಹಂಪಿಯಲ್ಲಿ ಮಾರುತ್ತಿದ್ದ ಹೂವು ಯಾವುದು?

ಒಂದು ಪದದ ಆಯ್ಕೆಯಿಂದ ಇತಿಹಾಸವೇ ಹೇಗೆ ಬದಲಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಹುಲಿಗಿಯಿಂದ ತುಂಗಭದ್ರೆಯ ಗುಂಟ ಕೆಳಗೆ ಸಾಗಿದರೆ ಈ ದಂಡೆಯಲ್ಲಿ ಆನೆಗುಂದಿ, ಆ ದಂಡೆಯಲ್ಲಿ ಹಂಪಿ. 1443ರಲ್ಲಿ ಹೆರಾತಿನ ತೈಮೂರಿ ದೊರೆ ಶಾಹ್ ರುಖ್‌ನ ರಾಯಭಾರಿಯಾಗಿ ಅಬ್ದುರ್ ರಝಾಕ್ ಸಮರ್ಕಂದಿ ಸಮುದ್ರ ದಾಟಿ, ಕಲ್ಲಿಕೋಟೆ, ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ ಬಂದನು. ಆಗ ಎರಡನೆಯ ದೇವರಾಯ ಆಳುತ್ತಿದ್ದ ಕಾಲ. ತಾನು ಕಂಡದ್ದನ್ನು ಅಬ್ದುರ್ ರಝಾಕ್ ಪಾರ್ಸಿಯಲ್ಲಿ ಬರೆದಿಟ್ಟ. ಈ ನಗರದ ಜನರಿಗೆ ಹೂವು ಅನ್ನದಷ್ಟೇ ಅಗತ್ಯ, ಅದಿಲ್ಲದೆ ಅವರು ಬದುಕಲಾರರು ಎಂಬರ್ಥದ ಮಾತು ಆ ಬರಹದಲ್ಲಿದೆ.

ಈಗ ಇಂಗ್ಲಿಷ್ ಅನುವಾದಗಳನ್ನು ನೋಡೋಣ. 1857ರಲ್ಲಿ ಆರ್. ಎಚ್. ಮೇಜರ್ ಸಂಪಾದಿಸಿದ ಗ್ರಂಥದಲ್ಲಿ ಈ ಬರಹ ಪ್ರಕಟವಾಯಿತು. ಅದು ಪಾರ್ಸಿಯಿಂದ ನೇರವಾಗಿ ಆದದ್ದಲ್ಲ, ಕ್ವಾತ್ರಮೇರ್ ಎಂಬ ವಿದ್ವಾಂಸ ಮಾಡಿದ್ದ ಫ್ರೆಂಚ್ ಅನುವಾದದಿಂದ ಆದದ್ದು. ಅಲ್ಲಿ ಹೂವಿನ ಜಾಗದಲ್ಲಿ 'ರೋಸಸ್' ಎಂದಿದೆ. 1872ರಲ್ಲಿ ಎಲಿಯಟ್ ಮತ್ತು ಡೌಸನ್ ಅವರ ಇತಿಹಾಸ ಮಾಲೆಯ ನಾಲ್ಕನೆಯ ಸಂಪುಟದಲ್ಲಿ ಅದೇ ಭಾಗ ಬಂದಾಗ ಅಲ್ಲಿ ಗುಲಾಬಿ ಇಲ್ಲ, 'ಸುವಾಸನೆಯ ಹೂಗಳು' ಎಂಬ ಅರ್ಥದ ಇಂಗ್ಲಿಷ್ ಮಾತಿದೆ. ವಿಜಯನಗರದ ಇತಿಹಾಸವನ್ನು 1900ರಲ್ಲಿ ಬರೆದ ರಾಬರ್ಟ್ ಸೆವೆಲ್ ಗುಲಾಬಿ ಇರುವ ಮೊದಲನೆಯ ಪಾಠವನ್ನು ಆಯ್ದುಕೊಂಡ.

ಉರ್ದು ಓದಿದ ವಿದ್ಯಾರ್ಥಿಗಳಿಗೆ ಇಲ್ಲಿನ ಗಂಟು ಎಲ್ಲಿದೆ ಎಂದು ಆಗಲೇ ಹೊಳೆದಿರಬೇಕು. ಪಾರ್ಸಿಯಲ್ಲಿ 'ಗುಲ್' ಎಂದರೆ ಹೂವೂ ಹೌದು, ಗುಲಾಬಿಯೂ ಹೌದು. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದಗಳಿರುವುದರಿಂದ ಅನುವಾದಕ ಯಾವುದಾದರೂ ಒಂದನ್ನು ಆರಿಸಲೇಬೇಕು. ಒಂದನ್ನು ಆರಿಸಿದರೆ ಹಂಪಿಯ ಬೀದಿಯ ತುಂಬ ಗುಲಾಬಿ. ಇನ್ನೊಂದನ್ನು ಆರಿಸಿದರೆ ಅಲ್ಲಿ ಮಲ್ಲಿಗೆಗೂ ಸಂಪಿಗೆಗೂ ಕೇದಗೆಗೂ ಜಾಗ ಸಿಗುತ್ತದೆ. ಹೊಳೆಯ ಮೇಲ್ಭಾಗದ ಹೂವಿನಹಡಗಲಿಯಿಂದ ಹಂಪಿಗೆ ಹೂವು ಹೋಗುತ್ತಿತ್ತು ಎಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಅಲ್ಲಿನ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಒಂದೇ ಅನುವಾದವನ್ನು ಓದಿದವರಿಗೆ ಒಂದೇ ಹಂಪಿ ಕಾಣುತ್ತದೆ. ಎರಡನ್ನೂ ಓದಿ, ಮೂಲಭಾಷೆಯ ಗುಣವನ್ನೂ ಬಲ್ಲವರಿಗೆ ಪ್ರಶ್ನೆ ಕೇಳುವ ಶಕ್ತಿ ಬರುತ್ತದೆ. ಉರ್ದು ಓದಿ ಏನು ಪ್ರಯೋಜನ ಎಂದು ಕೇಳುವ ಪಾಲಕರಿಗೆ ನಾನು ಕೊಡುವ ಉತ್ತರಗಳಲ್ಲಿ ಇದೂ ಒಂದು.

'ಗುಲಾಬ್' ಪದದ ಕಥೆಯೂ ಸ್ವಾರಸ್ಯಕರ. ಗುಲ್ ಎಂದರೆ ಹೂವು, ಆಬ್ ಎಂದರೆ ನೀರು. ಪಾರ್ಸಿಯಲ್ಲಿ ಗುಲಾಬ್ ಎಂದರೆ ಹೂವಲ್ಲ, ಪನ್ನೀರು. ನಮ್ಮ ದೇಶಕ್ಕೆ ಬಂದಮೇಲೆ ನೀರಿನ ಹೆಸರು ಹೂವಿಗೆ ಅಂಟಿಕೊಂಡಿತು. ಕನ್ನಡದಲ್ಲಿ ಹೂವು ಗುಲಾಬಿಯಾಯಿತು, ನೀರಿಗೆ ಪನ್ನೀರು ಎಂಬ ಹೆಸರು ಉಳಿಯಿತು. ಅದೇ ಗುಲಾಬ್ ಅರಬ್ಬಿಯಲ್ಲಿ 'ಜುಲಾಬ್' ಆಗಿ, ಯೂರೋಪಿಗೆ ಹೋಗಿ ಇಂಗ್ಲಿಷಿನಲ್ಲಿ ಸಿಹಿ ಪಾನಕದ ಹೆಸರಾದ 'ಜೂಲೆಪ್' ಆಯಿತು.

ನಮ್ಮ ಬಂದರುಗಳಿಂದ ಹೋದ ಪದಗಳು

ಇಂಗ್ಲಿಷಿನ ಸುಗಂಧದ ಪದಗಳಲ್ಲಿ ಬಹಳಷ್ಟು ಪೂರ್ವದೇಶಗಳಿಂದ ಹೋದವು. ಸರಕು ಹಡಗಿನಲ್ಲಿ ಹೋದಾಗ ಅದರ ಹೆಸರೂ ಜೊತೆಗೆ ಹೋಗುತ್ತಿತ್ತು. ಸಂಸ್ಕೃತದ 'ಚಂದನ' ಪಾರ್ಸಿ, ಅರಬ್ಬಿಗಳನ್ನು ದಾಟಿ 'ಸಂದಲ್' ಆಗಿ, ಇಂಗ್ಲಿಷಿನಲ್ಲಿ ಸ್ಯಾಂಡಲ್‌ವುಡ್ ಆಯಿತು. ಇಲ್ಲಿ ಒಂದು ಎಚ್ಚರಿಕೆ. ಇಂಗ್ಲಿಷಿನಲ್ಲಿ ಬರೀ 'ಸ್ಯಾಂಡಲ್' ಎಂದರೆ ಕಾಲಿನ ಚಪ್ಪಲಿ, ಅದು ಬೇರೆಯೇ ಗ್ರೀಕ್ ಪದ. ಮರವನ್ನು ಹೇಳುವಾಗ 'ವುಡ್' ಸೇರಿಸುವುದನ್ನು ಮರೆಯಬೇಡಿ.

ನಮ್ಮ ಕರ್ಪೂರ, ಮಲಯ ಭಾಷೆಯ ಕಾಪುರ್, ಅರಬ್ಬಿಯ ಕಾಫೂರ್, ಇಂಗ್ಲಿಷಿನ ಕ್ಯಾಂಫರ್ ಎಲ್ಲವೂ ಒಂದೇ ಸಂತತಿ. ಪಾರ್ಸಿಯ ಮುಷ್ಕ್, ಅರಬ್ಬಿಯ ಮಿಸ್ಕ್, ಇಂಗ್ಲಿಷಿನ ಮಸ್ಕ್ ಇವೂ ಒಂದೇ. ಕಾಫೂರ್ ಮತ್ತು ಮಿಸ್ಕ್ ಪದಗಳು ಪವಿತ್ರ ಕುರ್‌ಆನಿನಲ್ಲಿ ಬಂದಿರುವುದನ್ನು ನೀವು ಓದಿರುತ್ತೀರಿ. ಪಾರ್ಸಿಯ ಯಾಸಮೀನ್ ಇಂಗ್ಲಿಷಿನ ಜಾಸ್ಮಿನ್ ಆಯಿತು. ಅರಬ್ಬಿಯ ಇತ್ರ್ ಇಂಗ್ಲಿಷಿನಲ್ಲಿ ಅತ್ತರ್ ಆಯಿತು. ತಮಿಳಿನ ವೆಟ್ಟಿವೇರ್ ಫ್ರೆಂಚರ ಮೂಲಕ ವೆಟಿವರ್ ಆಯಿತು, ಅದು ನಮ್ಮ ಲಾವಂಚ. ಪಚೌಲಿಯೂ ತಮಿಳಿನಿಂದ ಹೋದ ಹೆಸರೇ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಶಾಲುಗಳಿಗೆ ಹುಳು ಹಿಡಿಯದಿರಲೆಂದು ನಡುನಡುವೆ ಆ ಎಲೆಗಳನ್ನಿಟ್ಟು ಕಳಿಸುತ್ತಿದ್ದರು. ಯೂರೋಪಿನ ಗ್ರಾಹಕರು ಆ ವಾಸನೆಯಿಂದಲೇ ಶಾಲು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುತ್ತಿದ್ದರು.

ವಿಜ್ಞಾನದ ವಿದ್ಯಾರ್ಥಿಗಳು ಮುಂದಿನ ಮಾತನ್ನು ವಿಶೇಷವಾಗಿ ಗಮನಿಸಬೇಕು. ಅರಬ್ ವರ್ತಕರು ಸುಮಾತ್ರಾ ಕಡೆಯಿಂದ ತರುತ್ತಿದ್ದ ಮರದ ಅಂಟಿಗೆ 'ಲುಬಾನ್ ಜಾವೀ', ಅಂದರೆ ಜಾವಾದ ಲೋಬಾನ ಎಂದು ಹೆಸರು. ಯೂರೋಪಿನವರು ಮೊದಲಿನ 'ಲು' ಅಕ್ಷರವನ್ನು ತಮ್ಮ ಭಾಷೆಯ ಉಪಪದವೆಂದು ತಿಳಿದು ಬಿಟ್ಟುಬಿಟ್ಟರು. ಉಳಿದದ್ದು 'ಬಾನ್ ಜಾವೀ'. ಅದೇ ತಿರುಚಿ ತಿರುಚಿ ಬೆಂಜೋಯಿನ್ ಆಯಿತು. ಅದರಿಂದ ತೆಗೆದ ಆಮ್ಲ ಬೆಂಜೋಯಿಕ್ ಆಸಿಡ್. 1825ರಲ್ಲಿ ಮೈಕೆಲ್ ಫ್ಯಾರಡೆ ಒಂದು ಹೊಸ ದ್ರವವನ್ನು ಬೇರ್ಪಡಿಸಿದ. ಕೆಲವು ವರ್ಷಗಳ ಬಳಿಕ ಜರ್ಮನಿಯ ಮಿಚರ್ಲಿಕ್ ಅದೇ ದ್ರವವನ್ನು ಬೆಂಜೋಯಿಕ್ ಆಸಿಡ್‌ನಿಂದ ತಯಾರಿಸಿ ಬೆಂಜಿನ್ ಎಂದು ಹೆಸರಿಟ್ಟ. ಅದೇ ನಿಮ್ಮ ರಸಾಯನಶಾಸ್ತ್ರದ ಬೆಂಜೀನ್! ಆ ಗುಂಪಿಗೆ 'ಅರೋಮ್ಯಾಟಿಕ್' ಎಂಬ ಹೆಸರು ಬರಲೂ ಸುವಾಸನೆಯೇ ಕಾರಣ. ಇಂದು ಆ ಹೆಸರು ಅಣುವಿನ ಉಂಗುರದ ರಚನೆಯನ್ನು ಹೇಳುತ್ತದೆ, ಪರಿಮಳವನ್ನಲ್ಲ. ಬೆಂಜೀನ್ ಮೂಸಿ ನೋಡುವ ವಸ್ತುವಲ್ಲ, ವಿಷಕಾರಿ. ಆದರೆ ಪರೀಕ್ಷೆಗೆ ಬೆಂಜೀನ್ ಓದುವಾಗ ಅಜ್ಜಿಯ ಲೋಬಾನದ ಹೊಗೆ ನೆನಪಾದರೆ ತಪ್ಪೇನಿಲ್ಲ, ಅದು ಅದೇ ಪದದ ಹಿರಿಯ.

ಶಾಸ್ತ್ರವಾಗಿ ಬೆಳೆದ ಸುಗಂಧ

ಪದಗಳನ್ನಷ್ಟೇ ಅಲ್ಲ, ಸುಗಂಧದ ವಿದ್ಯೆಯನ್ನೂ ನಮ್ಮ ನೆಲ ಬೆಳೆಸಿದೆ. ಸುಮಾರು 1025ರಲ್ಲಿ, ಚಾಲುಕ್ಯರ ಆಳ್ವಿಕೆಯಲ್ಲಿ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಬೇಸಾಯ, ಅಡುಗೆ, ವೈದ್ಯಗಳ ಜೊತೆಗೆ ಸುಗಂಧ ತಯಾರಿಕೆಯ ವಿಷಯವೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ವೂ ಹನ್ನೆರಡನೆಯ ಶತಮಾನದ್ದು. ಅದರಲ್ಲಿ ಸ್ನಾನ, ಲೇಪನ, ಧೂಪಗಳು ರಾಜಭೋಗಗಳ ಸಾಲಿನಲ್ಲಿ ಬರುತ್ತವೆ. ಈ ಕಲ್ಯಾಣ ಇಂದಿನ ಬಸವಕಲ್ಯಾಣ, ನಮ್ಮ ಸೀಮೆಯದೇ ಊರು.

ಇದಕ್ಕೂ ಮೊದಲು, ಒಂಬತ್ತನೆಯ ಶತಮಾನದಲ್ಲಿ ಅರಬ್ ವಿದ್ವಾಂಸ ಅಲ್ ಕಿಂದಿ ಸುಗಂಧದ ರಸಾಯನ ಮತ್ತು ಭಟ್ಟಿ ಇಳಿಸುವಿಕೆಯ ಬಗ್ಗೆ ಪ್ರತ್ಯೇಕ ಗ್ರಂಥವನ್ನೇ ಬರೆದಿದ್ದ. ಭಟ್ಟಿಪಾತ್ರೆಯ ಇಂಗ್ಲಿಷ್ ಹೆಸರು 'ಅಲೆಂಬಿಕ್' ಅರಬ್ಬಿಯ 'ಅಲ್ ಅಂಬೀಕ್'ನಿಂದ ಬಂದದ್ದು. ಅರಬರಿಗೆ ಆ ಪದ ಸಿಕ್ಕಿದ್ದು ಗ್ರೀಕಿನಿಂದ. ವಿದ್ಯೆ ಹೀಗೆ ಕೈಯಿಂದ ಕೈಗೆ ಬೆಳೆಯುತ್ತದೆ, ಅದು ಯಾರೊಬ್ಬರ ಸ್ವತ್ತಲ್ಲ.

ಅಕ್ಬರನ ಅರಮನೆಯಲ್ಲಿ ಸುಗಂಧಕ್ಕಾಗಿಯೇ 'ಖುಷ್ಬೂ ಖಾನಾ' ಎಂಬ ಇಲಾಖೆ ಇತ್ತೆಂದು ಅಬುಲ್ ಫಝಲ್‌ನ 'ಐನ್ ಎ ಅಕ್ಬರಿ' ಹೇಳುತ್ತದೆ. ಪನ್ನೀರು ಕಾಯಿಸಿದಾಗ ಮೇಲೆ ತೇಲಿದ ಎಣ್ಣೆಯನ್ನು ಕೂಡಿಸಿ ಗುಲಾಬಿ ಅತ್ತರು ತೆಗೆದವಳು ನೂರ್ ಜಹಾನಳ ತಾಯಿ ಎಂದು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದಕ್ಕೆ 'ಇತ್ರ್ ಎ ಜಹಾಂಗೀರಿ' ಎಂದು ಹೆಸರಿಟ್ಟವಳು ಸಲೀಮಾ ಸುಲ್ತಾನ್ ಬೇಗಂ. ಅದೇ ಕಾಲದಲ್ಲಿ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನಿಗಾಗಿ 'ಇತ್ರ್ ಎ ನೌರಸ್ ಶಾಹಿ' ಎಂಬ ಸುಗಂಧ ಶಾಸ್ತ್ರದ ಪಾರ್ಸಿ ಕೃತಿ ರಚನೆಯಾಯಿತು. ಹೆಸರನ್ನು ಗಮನಿಸಿ. ಇತ್ರ್ ಅರಬ್ಬಿ, ಶಾಹಿ ಪಾರ್ಸಿ, ನಡುವಿನ ನೌರಸ್ ನಮ್ಮ ನವರಸ. ದಖನಿನ ಮನಸ್ಸು ಹೇಗೆ ಕೂಡಿ ಬಾಳಿತೆಂದು ತಿಳಿಯಲು ಆ ಒಂದು ಹೆಸರು ಸಾಕು.

ಇತ್ತೀಚಿನ ಕಾಲಕ್ಕೆ ಬಂದರೆ, ಮೊದಲ ಮಹಾಯುದ್ಧದವರೆಗೆ ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಹರಾಜಾಗಿ ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ವ್ಯಾಪಾರ ನಿಂತಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ 1916ರಲ್ಲಿ ಇಲ್ಲಿಯೇ ಗಂಧದ ಎಣ್ಣೆ ತೆಗೆಯಲಾಯಿತು. ಅದರ ಬೆನ್ನಿಗೇ ಮೈಸೂರ್ ಸ್ಯಾಂಡಲ್ ಸಾಬೂನು ಬಂತು. ಮರವನ್ನು ಕಳಿಸುತ್ತಿದ್ದ ನಾಡು ಪರಿಮಳವನ್ನೇ ತಯಾರಿಸಿ ಕಳಿಸಿತು. ಮರ ಮಾರಲು ತೂಕ ಹೇಳಿದರೆ ಸಾಕಾಗುತ್ತಿತ್ತು, ಪರಿಮಳ ಮಾರಲು ಪದ ಬೇಕಾಗುತ್ತದೆ.

ಉಸ್ಮಾನಿಯಾದ ಪಾಠ

ಪದ ಆರಿಸುವುದು ಎಷ್ಟು ಜವಾಬ್ದಾರಿಯ ಕೆಲಸವೆಂದು ನಮ್ಮ ಭಾಗದ ಹಿರಿಯರಿಗೆ ಗೊತ್ತಿತ್ತು. ಕೊಪ್ಪಳ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವಿನಲ್ಲೇ ಉನ್ನತ ಶಿಕ್ಷಣ ಕೊಡಬೇಕೆಂದು ಅದರ ಹಿಂದಿನ ವರ್ಷವೇ 'ದಾರುಲ್ ತರ್ಜುಮಾ' ಎಂಬ ಅನುವಾದ ಸಂಸ್ಥೆಯನ್ನು ಸ್ಥಾಪಿಸಿದ್ದರು. ವಿಜ್ಞಾನ, ವೈದ್ಯ, ಕಾನೂನಿನ ಒಂದೊಂದು ಇಂಗ್ಲಿಷ್ ಪದಕ್ಕೂ ಅಲ್ಲಿ ವಿದ್ವಾಂಸರು ಕುಳಿತು ಚರ್ಚಿಸಿ ಉರ್ದು ಪದ ಗೊತ್ತುಮಾಡುತ್ತಿದ್ದರು. ಎರಡು ಭಾಷೆಗಳ ನಡುವೆ ನಿಂತವನು ಒಂದಕ್ಕೆ ತಲೆಬಾಗಿ ಇನ್ನೊಂದನ್ನು ಮರೆಯಬೇಕಿಲ್ಲ ಎಂಬುದು ಅವರು ಕಲಿಸಿದ ಪಾಠ.

ನಮ್ಮ ಮಕ್ಕಳು ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಪರೀಕ್ಷೆಯಲ್ಲಿ ಇಂಗ್ಲಿಷ್ ಎಂದು ನಾಲ್ಕು ಕಡೆ ಓಡಾಡುತ್ತಾರೆ. ಇದನ್ನು ನಾವು ಹೊರೆ ಎಂದೇ ಹೇಳುತ್ತಾ ಬಂದಿದ್ದೇವೆ. ಆದರೆ ಗುಲ್ ಎಂದರೆ ಎರಡು ಅರ್ಥವೆಂದು ಗೊತ್ತಿರುವ ಹುಡುಗಿಗೆ ಎರಡು ಇಂಗ್ಲಿಷ್ ಅನುವಾದಗಳನ್ನು ತೂಗಿ ನೋಡುವ ತಕ್ಕಡಿ ಮನೆಯಲ್ಲೇ ಸಿಕ್ಕಿರುತ್ತದೆ.

ಮಳೆಯ ವಾಸನೆಗೆ ಹೆಸರು

ಕೊನೆಯದಾಗಿ ಇಂಗ್ಲಿಷಿಗೇ ಪದ ಸಿಗದಿದ್ದ ಒಂದು ವಾಸನೆಯ ಮಾತು. ಬೇಸಿಗೆಯಲ್ಲಿ ಕಾದ ನಮ್ಮ ನೆಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ಘಮವನ್ನು ಕೊಪ್ಪಳ ಸೀಮೆಯವರಿಗೆ ವಿವರಿಸಬೇಕಿಲ್ಲ. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಆ ವಾಸನೆಯನ್ನು ಅಭ್ಯಾಸ ಮಾಡಿ, ಗ್ರೀಕ್ ಪದಗಳನ್ನು ಜೋಡಿಸಿ 'ಪೆಟ್ರಿಕೋರ್' ಎಂಬ ಹೊಸ ಹೆಸರು ಕಟ್ಟಿದರು. ಅದಕ್ಕೂ ಮುಂಚೆಯೇ ಉತ್ತರ ಪ್ರದೇಶದ ಕನೌಜಿನಲ್ಲಿ ಒಣಮಣ್ಣಿನಿಂದ ಭಟ್ಟಿ ಇಳಿಸಿ, ಗಂಧದೆಣ್ಣೆಯಲ್ಲಿ ಹಿಡಿದಿಟ್ಟು 'ಮಿಟ್ಟಿ ಅತ್ತರ್' ಎಂದು ಮಾರುತ್ತಿದ್ದರು. ಆ ವಿಜ್ಞಾನಿಗಳೇ ತಮ್ಮ ಬರಹದಲ್ಲಿ ಇದನ್ನು ಉಲ್ಲೇಖಿಸಿದ್ದಾರೆ.

ಈ ಸಂಗತಿಗಳನ್ನೆಲ್ಲ ಕೂಡಿಸಿಕೊಂಡು ನಾನು ಮತ್ತೆ ಆ ತರಗತಿಗೆ ಹೋದೆ. ಹಿಂದಿನ ದಿನ ನಾನು ನಕ್ಕದ್ದು ತಪ್ಪು ಎಂದು ಎಲ್ಲರ ಮುಂದೆ ಹೇಳಿ, ಸಾವಿರ ವರ್ಷದ ಹಳೆಯ ಇಂಗ್ಲಿಷಿನ ಕಥೆ ಹೇಳಿದೆ. ಹುಡುಗ ತಲೆ ಎತ್ತಿ ನೋಡಿದ, ಮಾತಾಡಲಿಲ್ಲ. ಮುಂದೆ ಒಂದು ಹುಣ್ಣಿಮೆಯಂದು ಅವರ ಅಂಗಡಿಯ ಮುಂದೆ ಹಾಯ್ದಾಗ ಅವನೇ ಕರೆದ. ಹಂಪಿ ನೋಡಲು ಬಂದ ಪರದೇಶದವರು ಕೆಲವೊಮ್ಮೆ ಇಲ್ಲಿಗೂ ಬರುತ್ತಾರೆ, ಅವರಿಗಾಗಿ ರಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಬರೆದಿಡುತ್ತಿದ್ದೇನೆ ಎಂದ. ಗುಲಾಬಿಯ ಮುಂದೆ 'ಸ್ವೀಟ್ ಫ್ರೇಗ್ರನ್ಸ್' ಎಂದು ಬರೆದಿದ್ದ. ಮಿಟ್ಟಿ ಅತ್ತರಿನ ಮುಂದಿನ ಜಾಗ ಖಾಲಿ ಇತ್ತು.

"ಇದಕ್ಕೇನು ಬರೀಲ್ರಿ ಸರ್?"

ನಾನು ಉತ್ಸಾಹದಿಂದ ಪೆಟ್ರಿಕೋರ್ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ.

"ಓದಿದವರಿಗೆ ತಿಳೀಬೇಕಲ್ರಿ ಸರ್" ಎಂದು ಹೇಳಿ, 'ಸ್ಮೆಲ್ ಆಫ್ ಫಸ್ಟ್ ರೇನ್' ಎಂದು ಬರೆದ.

ಅವನ ಆಯ್ಕೆಯೇ ಸರಿಯಾಗಿತ್ತು. ಎಲ್ಲರೂ ಹೆದರುವ ಆ ಬರೀ 'ಸ್ಮೆಲ್' ಪದ, ಮೊದಲ ಮಳೆಯ ಪಕ್ಕದಲ್ಲಿ ಕುಳಿತಾಗ ಯಾವ ಕೆಟ್ಟ ಅರ್ಥವನ್ನೂ ಕೊಡಲಿಲ್ಲ. ಹೂವಿನೊಂದಿಗೆ ನಾರೂ ಸ್ವರ್ಗ ಸೇರಿತು ಎನ್ನುವಂತೆ, ಜೊತೆಗಿರುವ ಪದವೇ ಪದಕ್ಕೆ ಬೆಲೆ ಕೊಡುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಘಂಟಿನಲ್ಲಿ ಪದ ಸಿಕ್ಕೊಡನೆ ಬರೆದುಬಿಡಬೇಡಿ. ಅದು ಎಲ್ಲಿಂದ ಬಂತು, ಇಂದು ಎಲ್ಲಿ ಬಾಳುತ್ತಿದೆ, ಯಾರ ಜೊತೆ ಕೂರುತ್ತದೆ ಎಂದು ಒಮ್ಮೆ ವಿಚಾರಿಸಿ. ತಪ್ಪಾದರೆ ನಾಚಬೇಡಿ, ಕೈ ಎತ್ತುವುದನ್ನು ಬಿಡಬೇಡಿ. ನೀವು ಕಲಿಯುತ್ತಿರುವ ಇಂಗ್ಲಿಷಿನಲ್ಲಿ ನಿಮ್ಮ ಅಜ್ಜ ಅಜ್ಜಿಯರ ಪದಗಳೂ ಇವೆ. ಶಿಕ್ಷಕ ಬಂಧುಗಳಿಗೆ ನನ್ನ ವಿನಂತಿ ಒಂದೇ. ಮಗುವಿನ ತಪ್ಪಿಗೆ ನಗುವ ಮುಂಚೆ ಒಂದು ಸಲ ನಿಘಂಟು ತೆರೆಯೋಣ. ನಾನು ತೆರೆದದ್ದು ನಕ್ಕ ಮೇಲೆ.